ಮಗ್ಗುಲು

“ನೆಲ ನಿಮಗ ಎಲ್ಲೆಲ್ಲಿ ತಾಗಾಕತ್ತದ, ಅಷ್ಟ ನೋಡ್ರಿ. ಬ್ಯಾರೆ ಏನೂ ಮಾಡಬ್ಯಾಡ್ರಿ,” ಎಂದು ಸಾಜಿದಾ ಮೇಡಂ ಹೇಳಿದಾಗ ರತ್ನಮಾಲಾ ನೆಲದ ಬಗ್ಗೆ ಯೋಚಿಸಲಿಲ್ಲ, ಹುಮನಾಬಾದಿನ ಮನೆಯಲ್ಲಿ ಗ್ಯಾಸ್ ಬಂದ್ ಮಾಡಿ ಬಂದೆನೋ ಇಲ್ಲವೋ ಎಂದು ಯೋಚಿಸಿದಳು. ಮಾಡಿದ್ದಳು. ಹಾಲು ಕಾಯಿಸಿ ಮುಚ್ಚಿಟ್ಟಿದ್ದಳು. ಗಂಡನ ಗುಳಿಗೆಗಳನ್ನು ಬಟ್ಟಲಿಗೆ ಹಾಕಿ ಅವನ ಅಕ್ಕ ಶೇವಂತಾಬಾಯಿಗೆ ತೋರಿಸಿದ್ದಳು. ಗಂಡನನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಒತ್ತಿ, ಕಾಲುಗಳ ನಡುವೆ ಮಡಿಸಿದ ಕೌದಿ ಇಟ್ಟು, ಆಮೇಲೆಯೇ ಬಸ್ಸು ಹಿಡಿದಿದ್ದಳು. ಇಷ್ಟೆಲ್ಲ ಮಾಡಿ ಬಂದವಳು ಈಗ ಬಸವಕಲ್ಯಾಣದ ಒಂದು ಮದುವೆ ಹಾಲ್‌ನ ಊಟದ ಕೋಣೆಯಲ್ಲಿ ಜಮಖಾನದ ಮೇಲೆ ಅಂಗಾತ ಮಲಗಿದ್ದಳು, ಅದೂ ಹಾಡುಹಗಲು. ಆ ಹಗಲೇ ಅವಳನ್ನು ಹೆಚ್ಚು ಚುಚ್ಚುತ್ತಿತ್ತು. ಬಾಣಂತನವನ್ನು, ಜ್ವರವನ್ನು ಬಿಟ್ಟರೆ ಹೊತ್ತು ಮೇಲಿರುವಾಗ ಅವಳು ನೆಲಕ್ಕೆ ಬೆನ್ನು ಹಚ್ಚಿದವಳಲ್ಲ. ಕಿಟಕಿಯಿಂದ ಬಿಸಿಲು ನೇರ ಮುಖದ ಮೇಲೆ ಬಂದು ನೀನಿಲ್ಲಿ ಏನು ಮಾಡುತ್ತಿದ್ದೀ ಎಂದು ಕೇಳಿದ ಹಾಗಿತ್ತು. ಕಣ್ಣು ಮುಚ್ಚಿರಿ ಎಂದಿದ್ದರು. ಉಳಿದವರು ನಿಜಕ್ಕೂ ಮುಚ್ಚಿದ್ದಾರೆಯೇ ಎಂದು ಅವಳು ಒಂದು ಕಣ್ಣನ್ನು ಸೀಳಿನಷ್ಟು ತೆರೆದಿಟ್ಟುಕೊಂಡಿದ್ದಳು. ಮೇಲೆ ಫ್ಯಾನಿನ ರೆಕ್ಕೆಗೆ ಯಾರದೋ ಮದುವೆಯ ಜರಿಕಾಗದ ಸಿಕ್ಕಿಕೊಂಡಿತ್ತು. ಫ್ಯಾನು ತಿರುಗಿದಂತೆಲ್ಲ ಅದರ ಚೂರುಗಳು ಆಗೊಂದು ಈಗೊಂದು ಉದುರುತ್ತಿದ್ದವು. ಪಕ್ಕದಲ್ಲಿ ಬಳೆ ಅಂಗಡಿಯ ಮುನ್ನಿ ಬೀ ಆಗಲೇ ನಿದ್ದೆ ಹೋಗಿ ಸಣ್ಣಗೆ ಗೊರೆಯುತ್ತಿದ್ದಳು. ಆ ಮುದುಕಿಯ ಧೈರ್ಯ ಕಂಡು ರತ್ನಮಾಲಾಳಿಗೆ ಹೊಟ್ಟೆಕಿಚ್ಚಾಯಿತು.

ಸಾಜಿದಾ ಮೇಡಂ ವಾರದ ದಿನಗಳಲ್ಲಿ ದವಾಖಾನೆಯಲ್ಲಿ ಕೈಕಾಲು ಹಿಡಿದುಕೊಂಡವರಿಗೆ ಕಸರತ್ತು ಹೇಳಿಕೊಡುವವಳು. ಮದುವೆಯಿಲ್ಲದ ರವಿವಾರಗಳಲ್ಲಿ ಈ ಹಾಲ್‌ನಲ್ಲಿ ಹೆಂಗಸರನ್ನು ಕೂಡಿಸಿ ನೆಲದ ಪಾಠ ಹೇಳುತ್ತಿದ್ದಳು. ಪಾಠವೆಂದರೆ ಕುಣಿತವಲ್ಲ, ಆಸನವಲ್ಲ. ತಾನು ಮಾಡಿಯೂ ತೋರಿಸುತ್ತಿರಲಿಲ್ಲ. ಮಲಗಿದವರ ನಡುವೆ ಬರಿಗಾಲಲ್ಲಿ ಓಡಾಡುತ್ತ, ಮೊಣಕಾಲು ಮಡಚಿರಿ, ಬಲಕ್ಕೆ ಸ್ವಲ್ಪ ವಾಲಿಸಿರಿ, ಉಸಿರು ಎಲ್ಲಿ ನಿಂತಿತು ನೋಡಿರಿ ಎಂದು ತಗ್ಗಿದ ದನಿಯಲ್ಲಿ ಹೇಳುತ್ತ ಹೋಗುವುದು, ಅಷ್ಟೆ. ಟೊಂಕ ಹಿಡಿದು, ಗೋಡೆ ತಡವುತ್ತ ರತ್ನಮಾಲಾ ದವಾಖಾನೆಯ ಒಳಗೆ ಬಂದ ದಿನ, “ಭಾರ ಎತ್ತೂ ಕೆಲಸ ಏನರ ಅದ ಏನ್ರಿ ಬಾಯಿ?” ಎಂದು ಸಾಜಿದಾ ಕೇಳಿದ್ದಳು. “ಇಲ್ರಿ. ಮನ್ಯಾಗ ಇರತೀನಿ,” ಎಂದುಬಿಟ್ಟಿದ್ದಳು ರತ್ನಮಾಲಾ. ಲಕ್ವಾ ಹೊಡೆದ ಗಂಡನನ್ನು ದಿನವೂ ಎತ್ತಿ ಹೊರಳಿಸುತ್ತೇನೆ ಎಂದರೆ ಗಂಡನನ್ನೇ ಭಾರವೆಂದು ಕರೆದಂತಾಗುತ್ತಿತ್ತು. ಹೇಳಲು ನಾಲಿಗೆ ತಿರುಗಲಿಲ್ಲ. ಇತ್ತ ಮನೆಯಲ್ಲಿ, ನೆಲದ ಮೇಲೆ ಮಲಗಲು ಬಸ್ಸು ಹಿಡಿದು ಹೋಗುತ್ತೇನೆ ಎನ್ನಲೂ ಆಗದೆ, ಬಸವಕಲ್ಯಾಣದಲ್ಲಿ ಬೆನ್ನಿಗೆ ಕರೆಂಟ್ ಹಚ್ಚುತ್ತಾರೆ ಎಂದು ಶೇವಂತಾಬಾಯಿಗೆ ಹೇಳಿದ್ದಳು. ಕರೆಂಟ್ ಎಂದರೆ ಜನಕ್ಕೆ ಒಂದು ಗೌರವ. ಶೇವಂತಾಬಾಯಿ ಪ್ರತಿ ರವಿವಾರ ಘಾಟಬೋರಾಳದಿಂದ ಬೆಳಗಿನ ಬಸ್ಸಿಗೆ ಬಂದು ತಮ್ಮನ ಹತ್ತಿರ ಕೂತು, ಇವಳು ತಿರುಗಿ ಬಂದ ಕೂಡಲೇ, “ಕರೆಂಟ್ ಹಚ್ಚಿದ್ರೇನು?” ಎಂದು ಕೇಳುತ್ತಿದ್ದಳು. ಹೌದ್ರಿ ಅಕ್ಕಾ, ಹಚ್ಚಿದ್ರು. ಸುಳ್ಳು ಅಂಥ ದೊಡ್ಡದಲ್ಲ. ಆದರೂ ಆ ಒಂದು ಹೌದ್ರಿಗಾಗಿ ಬಸ್ಸಿನಲ್ಲಿ ರಾಜೇಶ್ವರ ದಾಟಿದ ಮೇಲೆ ಅವಳು ತನ್ನ ಮುಖವನ್ನು ಸಿದ್ಧ ಮಾಡಿಕೊಳ್ಳಬೇಕಾಗುತ್ತಿತ್ತು.

“ಬಲಗಾಲಿನ ಹಿಮ್ಮಡ. ಎಡಗಾಲಿನ ಹಿಮ್ಮಡ. ಎರಡೂ ಒಂದೇ ನಮೂನಿ ತಾಗತಾವೇನು? ಟೊಂಕದ ಕೆಳಗ ಜಾಗ ಎಷ್ಟದ?” ಟೊಂಕದ ಕೆಳಗೆ ಬೆಕ್ಕು ದಾಟಿ ಹೋಗುವಷ್ಟು ಜಾಗವಿತ್ತು. ಹಿಮ್ಮಡ ಸರಿ, ಹಿಂದಲೆ ಸರಿ. ನಡುವೆ ತಾನು ಎಲ್ಲಿದ್ದೇನೆ ಎಂದು ಹುಡುಕಿದರೆ ರತ್ನಮಾಲಾಳಿಗೆ ಏನೂ ಸಿಗಲಿಲ್ಲ. ಉಟ್ಟ ಸೀರೆ ಗೊತ್ತಾಗುತ್ತಿತ್ತು, ಅದರೊಳಗಿನವಳು ಗೊತ್ತಾಗುತ್ತಿರಲಿಲ್ಲ. ಗಂಡನ ಮೈಯಾದರೆ ಅವಳಿಗೆ ಬಾಯಿಪಾಠ. ಅಂಬಾದಾಸನ ಬಲ ಹಿಮ್ಮಡದಲ್ಲಿ ಎಲ್ಲಿ ಕೆಂಪಾಗುತ್ತದೆ, ಸೊಂಟದ ಯಾವ ಎಲುಬು ಗಾದಿಗೆ ಒತ್ತುತ್ತದೆ, ಬೆರಳಿಟ್ಟು ತೆಗೆದರೆ ಯಾವ ಕೆಂಪು ಹೋಗುತ್ತದೆ, ಯಾವುದು ಹೋಗದೆ ಹುಣ್ಣಾಗುತ್ತದೆ ಎಂದು ಅವಳು ಕತ್ತಲಲ್ಲೂ ಹೇಳಬಲ್ಲಳು. ಗಂಡನಿಗೆ ಒಂದು ಹುಣ್ಣೂ ಆಗದಂತೆ ನೋಡಿಕೊಂಡಿದ್ದಾಳೆ ಎಂದು ಓಣಿಯ ಜನ ಅವಳನ್ನು ಹೊಗಳುತ್ತಿದ್ದರು. ಹೊಗಳಿದಾಗ ಅವಳು ಸೆರಗು ಎಳೆದುಕೊಂಡು ಬೇರೆ ಮಾತು ತೆಗೆಯುತ್ತಿದ್ದಳು.

ಇದೇ ರಸ್ತೆಯಲ್ಲಿ ಅಂಬಾದಾಸ ಬಸ್ಸು ಓಡಿಸುತ್ತಿದ್ದ. ಹುಮನಾಬಾದಿನಿಂದ ಸಸ್ತಾಪುರ ಬಂಗ್ಲಾಕ್ಕೆ ಬಂದು ಬಸವಕಲ್ಯಾಣಕ್ಕೆ ತಿರುಗಿ, ಅಲ್ಲಿಂದ ಹುಲಸೂರಿಗೆ. ಮದುವೆಯಾದ ಹೊಸದರಲ್ಲಿ ಅವಳು ಒಮ್ಮೆ ಅವನಿಗೆ ಗೊತ್ತಿಲ್ಲದಂತೆ ಅವನದೇ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಕನ್ನಡಿಯಲ್ಲಿ ತನ್ನನ್ನು ನೋಡಿ ನಗುತ್ತಾನೆ ಎಂದು ಕಾಯ್ದಿದ್ದಳು. ಅವನು ಕನ್ನಡಿಯಲ್ಲಿ ನೋಡಿದ. ನೋಡಿ, ಕಂಡಕ್ಟರನನ್ನು ಕರೆದು ಏನೋ ಹೇಳಿದ. ಕಂಡಕ್ಟರ ಬಂದು ಮೆಲ್ಲಗೆ, “ವೈನಿ, ಹಿಂದ ಕೂಡ್ರಬೇಕಂತರಿ,” ಎಂದ. ಎಲ್ಲರ ಎದುರು ಎದ್ದು, ಚೀಲ ಎತ್ತಿಕೊಂಡು, ಹಿಂದಿನ ಸೀಟಿಗೆ ಹೋಗಿ ಕೂತಳು. ಅಲ್ಲಿಂದ ಕಾಣುತ್ತಿದ್ದದ್ದು ಅವನ ಕತ್ತಿನ ಹಿಂಭಾಗ, ಅಗಲವಾದ ಹೆಗಲು, ಸ್ಟೇರಿಂಗ್ ತಿರುಗಿಸುವಾಗ ಆ ಹೆಗಲು ಅಷ್ಟೂ ಒಮ್ಮೆಲೇ ಹೊರಳುವುದು. ಅವಮಾನವಾಗಿತ್ತು. ಅದರ ಜೊತೆಗೇ, ಅವಮಾನಕ್ಕೆ ಸಂಬಂಧವೇ ಇಲ್ಲದ ಹಾಗೆ, ಆ ಹೆಗಲನ್ನು ಎಷ್ಟು ನೋಡಿದರೂ ಸಾಲದು ಅನ್ನಿಸಿತ್ತು. ರಾತ್ರಿ ಅವನು, ನೀ ಮುಂದ ಕೂತ್ರ ನನಗ ರಸ್ತಾ ಕಾಣಂಗಿಲ್ಲ, ಎಂದಿದ್ದ. ಅದು ಬೈಗುಳವೋ ಪ್ರೀತಿಯೋ ಎಂದು ಅವಳಿಗೆ ಇವತ್ತಿಗೂ ಬಗೆಹರಿದಿಲ್ಲ. ಈಗ ಕೇಳೋಣವೆಂದರೆ ಅವನ ಮಾತೇ ಹೋಗಿತ್ತು. ಬಲಭಾಗ ಸತ್ತ ದಿನವೇ ಮಾತೂ ಹೋಗಿ, ಮೂಗಿನಿಂದ ಬರುವ ಒಂದು ಹೂಂ ಅಷ್ಟೇ ಉಳಿದಿತ್ತು. ಬೇಕಿದ್ದರೂ ಹೂಂ, ಬೇಡದಿದ್ದರೂ ಹೂಂ.

ಮೊದಲು ಅವನನ್ನು ಪಲಂಗದ ಮೇಲೆ ಮಲಗಿಸುತ್ತಿದ್ದರು. ಒಂದು ಮುಂಜಾನೆ ನೀರು ಬಂದಿತ್ತು, ನಳದ ಕೆಳಗೆ ಕೊಡ ತುಂಬಿ ಹರಿಯುವ ಸಪ್ಪಳ ಕೇಳುತ್ತಿತ್ತು. ಆ ಅವಸರದಲ್ಲಿ ಹೊರಳಿಸುವಾಗ ಅವನು ಅವಳ ಕೈಯಿಂದ ಜಾರಿ ಪಲಂಗದ ಆಚೆ ಬಿದ್ದ. ಎಲುಬೇನೂ ಮುರಿಯಲಿಲ್ಲ. ಅಂದಿನಿಂದ ಗಾದಿ ನೆಲಕ್ಕೆ ಬಂತು. ಅಂದಿನಿಂದಲೇ ಅವನ ಹಟವೂ ಶುರುವಾಯಿತು, ಅಥವಾ ಅವಳು ಅದನ್ನು ಹಟವೆಂದು ತಿಳಿದಳು. ಹೊರಳಿಸಲು ಹೆಗಲಿಗೆ ಕೈ ಹಚ್ಚಿದರೆ ಸಾಕು, ಸರಿಯಿದ್ದ ಎಡಗೈಯಿಂದ ಗಾದಿಯ ಅಂಚು ಹಿಡಿದುಕೊಳ್ಳುವನು. ಎಡಗಾಲನ್ನು ಕ್ಲಚ್ ಒತ್ತಿದಂತೆ ನೆಲಕ್ಕೆ ಒತ್ತುವನು. ಮೈಯೆಲ್ಲ ಹಲಗೆಯಾಗುವುದು. ಅವಳು ಬಾಗಿ, ಹಲ್ಲು ಕಚ್ಚಿ, ಆ ಹಲಗೆಯನ್ನು ಮೀಟಿ ಹೊರಳಿಸಬೇಕು. “ಬಿಡ್ರಿ. ಬಿಡ್ರಿ ಅಂದ್ರ ತಿಳಿಯಂಗಿಲ್ಲೇನ್ರಿ ನಿಮಗ?” ತನ್ನ ದನಿ ತನಗೇ ಕೇಳಿ ಬರುತ್ತಿತ್ತು, ಒಳಮನೆಯಿಂದ ಬೇರೆ ಯಾವಳೋ ಒದರಿದ ಹಾಗೆ. ಹಿಂದಿನ ಸೀಟಿಗೆ ಹೋಗು ಎಂದವನು ಈಗ ತನ್ನ ಕೈಯಲ್ಲಿ ಹೊರಳಲೇಬೇಕು ಎಂಬ ಒಂದು ಬಿಸಿ ಒಳಗೆ ಏಳುತ್ತಿತ್ತು. ಅದು ಸಿಟ್ಟಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅದರಲ್ಲಿ ಸ್ವಲ್ಪ ರುಚಿಯಿತ್ತು. ಹೊರಳಿಸಿ ಮುಗಿದ ಮೇಲೆ ಅವನ ತೋಳಿನಲ್ಲಿ ಅವಳ ಹೆಬ್ಬೆರಳಿನ ಗುರುತು ಮೊದಲು ಬೆಳ್ಳಗೆ, ಆಮೇಲೆ ಕೆಂಪಗೆ, ಮರುದಿನ ನೀಲಿಯಾಗಿ ಕಾಣುವುದು. ರಕ್ತ ತೆಳುವಾಗುವ ಗುಳಿಗೆ ತಗೊಳ್ಳುವವರಿಗೆ ಹಾಗಾಗುತ್ತದೆ ಎಂದು ಡಾಕ್ಟರ ಹೇಳಿದ್ದರು. ನೋಡಲು ಬಂದವರಿಗೆ ಅವಳೂ ಅದನ್ನೇ ಹೇಳುತ್ತಿದ್ದಳು. ಡಾಕ್ಟರ ಹೇಳಿದ್ದು ಸುಳ್ಳಾಗಿರಲಿಲ್ಲ.

“ರತ್ನಮಾಲಾಬಾಯಿ, ಈ ಕೈ ನನಗ ಕೊಡ್ರಿ.” ಸಾಜಿದಾ ಯಾವಾಗ ತಲೆಯ ಹತ್ತಿರ ಬಂದು ಕೂತಳೋ. ಅವಳು ರತ್ನಮಾಲಾಳ ಎಡಗೈಯನ್ನು ಮಣಿಕಟ್ಟಿನ ಕೆಳಗೆ, ಮೊಣಕೈಯ ಕೆಳಗೆ ಮೆತ್ತಗೆ ಹಿಡಿದು ನೆಲದಿಂದ ಎತ್ತಿದಳು. ಕೈ ಹಗುರಾಗಿ ಮೇಲೆದ್ದಿತು. ಶಹಬ್ಬಾಸ್ ಎನ್ನುತ್ತಾಳೆ ಎಂದು ರತ್ನಮಾಲಾ ಕಾಯ್ದಳು. ಸಾಜಿದಾ ತನ್ನ ಕೈಗಳನ್ನು ತೆಗೆದುಬಿಟ್ಟಳು. ರತ್ನಮಾಲಾಳ ಕೈ ಗಾಳಿಯಲ್ಲಿ ಹಾಗೆಯೇ ನಿಂತಿತ್ತು, ಗೋಡೆಯ ಗೂಟದಂತೆ. “ನೋಡ್ರಿ, ನಾ ಎತ್ತೇ ಇಲ್ಲ. ನೀವ ಎತ್ತೀರಿ. ನನಗ ಕೊಡ್ರಿ ಅಂದ್ರೂ ಕೊಡವಲ್ರಿ.” ಯಾರೋ ಕಿಸಕ್ಕೆಂದರು. ಎಚ್ಚರಗೊಂಡ ಮುನ್ನಿ ಬೀ ಮಗ್ಗುಲಿಗೆ ಹೊರಳಿ ನೋಡಿ, “ಆಗತದವ್ವಾ, ಆಗತದ. ನಂದೂ ಹಿಂಗ ನಿಂತಿತ್ತು. ಹೆಣ್ಮಕ್ಕಳ ಕೈ, ಬಿಡು ಅಂದ್ರ ಎಲ್ಲಿ ಬಿಡತದ?” ಎಂದಳು. ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ರತ್ನಮಾಲಾಳೂ ನಗಲು ನೋಡಿದಳು. ಆದರೆ ಆಗದೆ, ಕೈಯನ್ನು ದಪ್ಪನೆ ಇಳಿಸಿ ಸೆರಗು ಸರಿಮಾಡಿಕೊಂಡಳು. ಇಷ್ಟು ಸುಲಭದ್ದು ತನಗೆ ಬರುವುದಿಲ್ಲ. ಮಲಗುವುದು ಕೂಡ ತನಗೆ ಬರುವುದಿಲ್ಲ.

ಆಮೇಲೆ ಹೊರಳುವ ಪಾಠ. ಎಡ ಮೊಣಕಾಲು ಮಡಚಿ ಪಾದ ನೆಲಕ್ಕೆ ಊರಿರಿ. ಪಾದವನ್ನು ಸ್ವಲ್ಪ, ಇರುವೆ ಸಾಯದಷ್ಟು, ಒತ್ತಿ ಬಿಡಿರಿ. ಒತ್ತಿದಾಗ ಟೊಂಕ ಎತ್ತ ಹೋಗುತ್ತದೆ ನೋಡಿರಿ. ಕಣ್ಣು ಮೊದಲು ಬಲಕ್ಕೆ ಹೋಗಲಿ, ಕಣ್ಣಿನ ಹಿಂದೆ ಮೂಗು, ಮೂಗಿನ ಹಿಂದೆ ಗೋಣು. ಜೋರು ಬೇಡ. ತಕಲೀಫಾದರೆ ಅಲ್ಲಿಗೇ ಬಿಡಿರಿ, ಮನಸ್ಸಿನಲ್ಲೇ ಮಾಡಿರಿ. ರತ್ನಮಾಲಾ ಒತ್ತಿದಳು, ಬಿಟ್ಟಳು. ಇದರಲ್ಲೇನಿದೆ ಅನ್ನಿಸಿತು. ಮತ್ತೆ ಒತ್ತಿದಳು. ಎಷ್ಟನೆಯ ಸಲವೋ, ಪಾದದ ಒತ್ತು ಮೊಣಕಾಲಿಗೆ, ಅಲ್ಲಿಂದ ಟೊಂಕಕ್ಕೆ ಬಂದು, ಬೆನ್ನಿನ ಒಂದೊಂದು ಮಣಿಯನ್ನೂ ಮುಟ್ಟಿ ಎಬ್ಬಿಸುತ್ತ ಹೆಗಲಿನ ತನಕ ಹೋದದ್ದು ತಿಳಿಯಿತು. ಅವಳು ಬೆರಗಾಗಿ ಉಸಿರು ಬಿಟ್ಟಳು. ತಾನು ಎತ್ತಲಿಲ್ಲ, ಎಳೆಯಲಿಲ್ಲ. ಮೈ ತಾನಾಗಿ ಬಲಕ್ಕೆ ವಾಲಿತ್ತು. ಅಂಥ ಒಂದು ದಾರಿ ತನ್ನೊಳಗೆ ಇಷ್ಟು ವರ್ಷ ಸುಮ್ಮನೆ ಬಿದ್ದಿತ್ತೇ ಎಂದುಕೊಳ್ಳುತ್ತ ಇನ್ನೊಮ್ಮೆ ಒತ್ತುತ್ತಿದ್ದಳು. ಆಗ ಹಿಂದಿನಿಂದ ಒಂದು ಕೈ ಅವಳ ಹೆಗಲಿಗೆ ಬಿತ್ತು.

ಸಹಾಯ ಮಾಡಲು ಬಂದ ಸಾಜಿದಾಳ ಕೈಯೇ ಅದು. ಆದರೆ ಕಣ್ಣು ಮುಚ್ಚಿದ್ದ ರತ್ನಮಾಲಾಳಿಗೆ ಅದು ಬರುವುದು ಗೊತ್ತಿರಲಿಲ್ಲ. ಉಸಿರು ನಿಂತಿತು. ಹೊಟ್ಟೆ ಕಲ್ಲಾಯಿತು. ಎಡಪಾದ ನೆಲಕ್ಕೆ ಊರಿಕೊಂಡಿತು, ಎಡಗೈ ತಾನಾಗಿ ಹೋಗಿ ಜಮಖಾನದ ಅಂಚು ಹಿಡಿಯಿತು. ಅವಳು ಕಣ್ಣು ತೆರೆದು ಆ ಕೈಯನ್ನು ನೋಡಿದಳು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಈ ಗೆಣ್ಣುಗಳನ್ನು ಅವಳು ಮೊದಲು ನೋಡಿದ್ದಳು. ದಿನವೂ ನೋಡುತ್ತಿದ್ದಳು, ಗಾದಿಯ ಅಂಚಿನಲ್ಲಿ, ಇನ್ನೊಬ್ಬರ ಕೈಯಲ್ಲಿ. ಒಂದೊಂದೇ ಬೆರಳು ಬಿಡಿಸಿ, ಬಿಡ್ರಿ ಅಂದ್ರ ತಿಳಿಯಂಗಿಲ್ಲೇನ್ರಿ ಎನ್ನುತ್ತಿದ್ದಳು. “ಮಾಫ್ ಮಾಡ್ರಿ, ಹೇಳದ ಮುಟ್ಟಿದೆ. ಅಂಜಿದ್ರೇನು?” ಎಂದಳು ಸಾಜಿದಾ. ಅಂಜಿದ್ರೇನು ಎಂದು ಯಾರೂ ಕೇಳಿದ್ದಿಲ್ಲ. ರತ್ನಮಾಲಾ ಆ ಗೆಣ್ಣುಗಳನ್ನೇ ನೋಡುತ್ತ ಮಲಗಿದಳು. ಅವನು ಅಂಜುತ್ತಾನೆ. ಲಕ್ವಾಕ್ಕಲ್ಲ, ಸಾವಿಗಲ್ಲ. ನನಗೆ ಅಂಜುತ್ತಾನೆ. ಇದು ಮಾತಾಗಿ ಬರುವ ಮೊದಲೇ ಅವಳ ಹೊಟ್ಟೆಗೆ ತಿಳಿದಿತ್ತು. ಮಾತಾಗಿ ಬಂದ ಮೇಲೆ ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಅದನ್ನು ಒರೆಸಿಕೊಳ್ಳಲೂ ಅವಳು ಕೈ ಎತ್ತಲಿಲ್ಲ.

ಎಲ್ಲರೂ ಜಮಖಾನ ಸುತ್ತಿಡುವಾಗ ಅವಳು ಸಾಜಿದಾಳ ಹತ್ತಿರ ನಿಂತು, ಚಪ್ಪಲಿ ಹುಡುಕುವವಳಂತೆ ನೆಲ ನೋಡುತ್ತ, “ನಮ್ಮವರಿಗೆ ಲಕ್ವಾ ಆಗ್ಯದರಿ. ಬಲಗಡಿ. ನಾನ ಮಗ್ಗಲಕ್ಕ ಹೊಳ್ಳಸತೀನಿ,” ಎಂದಳು. ಸಾಜಿದಾ ಸುತ್ತುತ್ತಿದ್ದ ಜಮಖಾನವನ್ನು ಕೆಳಗಿಟ್ಟಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. “ಹೊಳ್ಳಸಬ್ಯಾಡ್ರಿ. ಅವರು ಹೊಳ್ಳತಾರ, ನೀವು ಜೋಡಿ ಇರ್ರಿ. ಸೋತ ಕೈ ಮೊದಲ ಮುಂದ ತಂದು ಇಡ್ರಿ, ಮೈ ಕೆಳಗ ಸಿಗಬಾರದು. ಛಲೋ ಕಾಲು ಮಡಚಿ ಕೊಡ್ರಿ. ಆಮ್ಯಾಲ ಕಾಯ್ರಿ,” ಎಂದಳು. “ಎಷ್ಟೊತ್ತು ಕಾಯಬೇಕ್ರಿ?” ಎಂದು ಕೇಳಿದಳು ರತ್ನಮಾಲಾ. “ಅದು ಅವರಿಗೆ ಗೊತ್ತು,” ಎಂದಳು ಸಾಜಿದಾ.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ತೊಗರಿ ಹೊಲಗಳು, ಧಾಬಾಗಳು, ಹೈದರಾಬಾದಿನ ಕಡೆ ಹೊರಟ ಲಾರಿಗಳ ಸಾಲು ಹಿಂದಕ್ಕೆ ಸರಿಯುತ್ತಿದ್ದವು. ಟೊಂಕ ಹಗುರಾಗಿತ್ತು, ಮತ್ತು ಹಗುರಾಗಿದ್ದಕ್ಕೆ ಅವಳಿಗೆ ನಾಚಿಕೆಯಾಗುತ್ತಿತ್ತು. ಹುಲಸೂರಿಗೆ ಕೊಟ್ಟ ಮಗಳು ಫೋನು ಮಾಡಿದಾಗಲೆಲ್ಲ, ಅವ್ವಾ, ಅಪ್ಪ ಹ್ಯಾಂಗಿದ್ದಾನ ಎಂದು ಕೇಳುತ್ತಿದ್ದಳು. ಹ್ಯಾಂಗಿದ್ದಾನ ಎಂದರೆ ಉಂಡ, ಮಲಗಿದ, ಜ್ವರ ಇಲ್ಲ, ಹುಣ್ಣು ಇಲ್ಲ. ಅಂಜಿದ್ದಾನೆ ಎಂಬುದು ಆ ಉತ್ತರದಲ್ಲಿ ಎಂದೂ ಬಂದಿರಲಿಲ್ಲ. ಇವತ್ತು ರಾಜೇಶ್ವರ ದಾಟಿದ್ದು ಕೂಡ ಅವಳ ಗಮನಕ್ಕೆ ಬರಲಿಲ್ಲ. ಮುಖ ಸಿದ್ಧ ಮಾಡಿಕೊಳ್ಳದೆಯೇ ಮನೆ ಮುಟ್ಟಿದಳು.

ಶೇವಂತಾಬಾಯಿ ಹೊಸ್ತಿಲಲ್ಲಿ ಕೂತಿದ್ದಳು. ಹೊಲದ ಕೂಲಿಗೆ ಹೋಗಿ ಹೋಗಿ ಕಪ್ಪಾದ, ಎತ್ತರದ, ಗಟ್ಟಿ ಮೈಯ ಹೆಂಗಸು. ತಮ್ಮನನ್ನು ಸಣ್ಣವನಿದ್ದಾಗ ಬಗಲಲ್ಲಿ ಎತ್ತಿಕೊಂಡು ಕಳೆ ತೆಗೆಯಲು ಹೋದವಳು. ಅವಳು ಕರೆಂಟ್ ಹಚ್ಚಿದ್ರೇನು ಎಂದು ಕೇಳಲಿಲ್ಲ. ರತ್ನಮಾಲಾ ಚಪ್ಪಲಿ ಬಿಡಲು ಬಾಗಿದಾಗ ಅವಳ ಜಡೆಯಿಂದ ಏನನ್ನೋ ಕಿತ್ತು ಬೆಳಕಿಗೆ ಹಿಡಿದಳು. ಜರಿಕಾಗದದ ಚೂರು. “ಕರೆಂಟ್ ಹಚ್ಚೂ ಕಡಿ ಇದು ಎಲ್ಲಿಂದ ಬಂತು?” ಎಂದಳು. ಬೆನ್ನ ಮೇಲಿನ ಸೀರೆಯನ್ನು ನೋಡಿದಳು. ಅಲ್ಲೆಲ್ಲ ಆ ಹಾಲ್‌ನ ನೆಲದ ಧೂಳು. ರತ್ನಮಾಲಾಳಿಗೆ ಸುಳ್ಳು ಹೊಳೆಯಲಿಲ್ಲ. ಯಾವಾಗಲೂ ಸುಳ್ಳಿಗೆ ಹೊರಳುತ್ತಿದ್ದ ನಾಲಿಗೆ ಇವತ್ತು ಬಾಯೊಳಗೆ ಆರಾಮಾಗಿ ಮಲಗಿಬಿಟ್ಟಿತ್ತು. “ಕರೆಂಟ್ ಇಲ್ರಿ ಅಕ್ಕಾ. ಒಂದು ಮದುವಿ ಹಾಲಿನ್ಯಾಗ ನೆಲದ ಮ್ಯಾಲ ಮಲಗಸತಾರ. ಹ್ಯಾಂಗ ಹೊಳ್ಳೂದು, ಹ್ಯಾಂಗ ಏಳೂದು ಹೇಳತಾರ. ಅದಕ್ಕ ಹೋಗತೀನಿ.”

ಶೇವಂತಾಬಾಯಿ ಎದ್ದು ನಿಂತಳು. ದನಿ ಏರಿಸಲಿಲ್ಲ. “ನನ್ನ ತಮ್ಮ ಇಲ್ಲಿ ಬಿದ್ದಾನ. ನೀ ಬಸ್ ಹಿಡದು ಅಲ್ಲಿ ಬೀಳಾಕ ಹೋಗತಿ. ನಾ ಬಂದು ಕಾಯತೀನಿ.” ಅವಳು ಒಳಗೆ ನಡೆದಳು, ರತ್ನಮಾಲಾ ಹಿಂದೆ ಹೋದಳು. ನೀಲಿ ಸುಣ್ಣದ ಕೋಣೆಯಲ್ಲಿ, ಬುದ್ಧನ ಫೋಟೋದ ಕೆಳಗೆ, ಅಂಬಾದಾಸ ಅಂಗಾತ ಮಲಗಿದ್ದ. ಶೇವಂತಾಬಾಯಿ ಗಾದಿಯ ಹತ್ತಿರ ಕೂತು ಅವನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. “ಮೈ ಒರಸುವಾಗ ನೋಡಿದೆ. ಇದ ಏನು? ಗುಳಿಗಿ ಸಲುವಾಗಿ ಅಂತ ಹೇಳಬ್ಯಾಡ ನನಗ. ಗುಳಿಗಿಗೆ ಬೆರಳ ಇರತಾವೇನು?” ನೀಲಿ ಗುರುತು, ಅದರ ಪಕ್ಕದಲ್ಲಿ ಹಳದಿಗೆ ತಿರುಗಿದ ಇನ್ನೊಂದು ಗುರುತು. ಅಂಬಾದಾಸನಿಗೆ ಎಲ್ಲ ಕೇಳುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ. ಬೇರೆಯವರ ಮನೆಯ ಜಗಳದ ನಡುವೆ ಸಿಕ್ಕವನು ಮಾಡುವಂತೆ ಅವನು ಹಾಗೆ ಮುಚ್ಚಿಕೊಂಡದ್ದು ರತ್ನಮಾಲಾಳನ್ನು ಆ ಗುರುತುಗಳಿಗಿಂತ ಹೆಚ್ಚು ನೋಯಿಸಿತು. “ನಾ ಒಯ್ಯತೀನಿ ಇವನ್ನ. ಘಾಟಬೋರಾಳದಾಗ ನಾವು ನಾಕ ಮಂದಿ ಇದ್ದೀವಿ. ನಿನಗೂ ಆರಾಮ ಆಗತದ, ಬೇಕಾದಷ್ಟು ಮಲ್ಕೊ,” ಎಂದಳು ಶೇವಂತಾಬಾಯಿ. ಅದರಲ್ಲಿ ಕೊಂಕಿತ್ತು, ಕೊಂಕಿನ ಕೆಳಗೆ ನಿಜವಾದ ಅಕ್ಕರೆಯೂ ಇತ್ತು. ಒಂದು ಕ್ಷಣ ರತ್ನಮಾಲಾಳ ಕಣ್ಣೆದುರು ಖಾಲಿ ಕೋಣೆ ಬಂತು. ತೊಳೆದ ನೆಲ, ಸುತ್ತಿಟ್ಟ ಗಾದಿ, ಯಾರೂ ಎಬ್ಬಿಸದ ಇಡೀ ರಾತ್ರಿ. ಆಸೆಯಾಯಿತು. ಆಸೆಯಾದದ್ದನ್ನು ಅವಳು ತನ್ನಿಂದ ಮುಚ್ಚಿಡಲಿಲ್ಲ. ಹಾಗೆ ಮುಚ್ಚಿಡದೆ ನಿಂತಾಗ ಆಸೆ ಬಂದಷ್ಟೇ ಸುಮ್ಮನೆ ಹೋಯಿತು. ಉಳಿದದ್ದು ಅವನ ಮುಚ್ಚಿದ ರೆಪ್ಪೆಗಳು ಮಾತ್ರ.

“ಅಕ್ಕಾ, ಮಗ್ಗಲ ಬದಲಸೂ ಹೊತ್ತಾಗ್ಯದರಿ,” ಎಂದಳು. “ಇದೊಂದು ಸಲ ನೋಡ್ರಿ. ಆಮ್ಯಾಲ ಒಯ್ಯೂದಿದ್ರ ಒಯ್ರಿ.”

ಯಾವಾಗಲೂ ಅವಳು ಮೇಲಿನಿಂದ ಬಾಗುತ್ತಿದ್ದಳು. ಇವತ್ತು ಗಾದಿಯ ಬಲಗಡೆ, ಬರಿ ನೆಲದ ಮೇಲೆ, ಗಂಡನ ಪಕ್ಕದಲ್ಲಿ ಮಲಗಿದಳು. ಅಷ್ಟು ಕೆಳಗಿನಿಂದ ಅವನ ಮುಖ ಬೇರೆಯಾಗಿ ಕಂಡಿತು, ಅಗಲವಾಗಿ, ಹತ್ತಿರವಾಗಿ. ಗಲ್ಲದ ಕೆಳಗೆ ದಾಡಿ ತಪ್ಪಿದ ಒಂದು ಕಡೆ ಬಿಳಿ ಕೂದಲು. “ಏನ್ರಿ,” ಎಂದಳು, “ನಾ ಈಗ ನಿಮ್ಮ ಈ ಕೈ ಹಿಡೀತೀನಿ. ಮುಂದ ಇಡತೀನಿ.” ಅವನು ಕಣ್ಣು ತೆರೆದ. ಅವಳು ಸೋತ ಬಲಗೈಯನ್ನು ಹೆಗಲಿನ ಕೆಳಗಿಂದ ಮೆಲ್ಲಗೆ ಹೊರಗೆ ತಂದು ತಮ್ಮಿಬ್ಬರ ನಡುವೆ ಇಟ್ಟಳು. “ಈಗ ನಿಮ್ಮ ಛಲೋ ಕಾಲು ಮಡಚತೀನಿ.” ಮೊಣಕಾಲಿನ ಕೆಳಗೆ ಕೈ ಕೊಟ್ಟಳು. ಕಾಲು ಬಿಗಿಯಿತು. ಎಡಗೈ ಹೋಗಿ ಗಾದಿಯ ಅಂಚು ಹಿಡಿಯಿತು. ಎಂದಿನಂತೆ ಅವಳ ತೋಳೊಳಗೆ ಆ ಬಿಸಿ ಏಳಲು ನೋಡಿತು. ಅವಳು ಅದಕ್ಕೆ ಅವಕಾಶ ಕೊಡದೆ, ಅದನ್ನು ಬೈಯ್ಯದೆ, ಕೈಯನ್ನು ಇದ್ದಲ್ಲಿಯೇ ಇಟ್ಟು ಕಾಯ್ದಳು. ಹೊರಗೆ ಓಣಿಯಲ್ಲಿ ಮೊಸರಿನವಳು ಕೂಗುತ್ತ ಹೋದಳು. ಅವಳ ಕೂಗು ತಿರುವಿನಲ್ಲಿ ಸಣ್ಣದಾಗಿ ಕೇಳದಾದ ಮೇಲೂ ರತ್ನಮಾಲಾ ಕಾಯುತ್ತಿದ್ದಳು. “ಬೀಳಂಗಿಲ್ರಿ. ನಾ ನೆಲದ ಮ್ಯಾಲೇ ಇದ್ದೀನಿ. ನಿಮಗಿಂತ ಕೆಳಗ,” ಎಂದಳು. ಅವನ ಮೂಗಿನಿಂದ ಗಾಳಿ ಹೊರಬಂತು. ಅದು ಹೂಂ ಆಗಿರಲಿಲ್ಲ. ಮೊಣಕಾಲು ಅವಳ ಅಂಗೈಯೊಳಗೆ ಭಾರವಾಗಿ ಇಳಿಯಿತು, ಬಿಗಿ ಹೋದ ಬರಿಯ ಭಾರ. ಇಷ್ಟು ಭಾರವಿದೆಯೇ ಈ ಕಾಲು. ಇಷ್ಟು ದಿನ ಅವಳು ಎತ್ತಿದ್ದು ಅವನ ಅಂಜಿಕೆಯನ್ನು, ಕಾಲನ್ನು ಇವತ್ತೇ ಮೊದಲು ಎತ್ತುತ್ತಿದ್ದಳು.

ಕಾಲು ಮಡಚಿ ಪಾದ ಊರಿಸಿ ಕೈ ತೆಗೆದಳು. “ನನ್ನ ಕಡಿ ನೋಡ್ರಿ. ಕಣ್ಣಿಂದ ಅಷ್ಟ.” ಕಣ್ಣು ಬಲಕ್ಕೆ ಬಂದವು. ಕಣ್ಣಿನ ಹಿಂದೆ ಮೂಗು, ಗದ್ದ. “ಕ್ಲಚ್ ಒತ್ತರಿ. ಸ್ವಲ್ಪ.” ಹೇಳಿದ ಮೇಲೆ ತಾನು ಎಂಥ ಮಾತು ಆಡಿದೆ ಎಂದು ಅವಳಿಗೆ ಭಯವಾಯಿತು, ಬಸ್ಸಿನ ಸುದ್ದಿ ಆ ಮನೆಯಲ್ಲಿ ಯಾರೂ ತೆಗೆಯುತ್ತಿರಲಿಲ್ಲ. ಅವನ ಕಣ್ಣು ಅವಳ ಮುಖದ ಮೇಲೆ ನಿಂತಿತು. ಪಾದ ಒತ್ತಿತು. ಟೊಂಕ ಏಳುವುದು, ಸೋತ ಮಗ್ಗುಲಿನ ಮೇಲೆ ಎಡ ಹೆಗಲು ನಿಧಾನವಾಗಿ ಮುಂದೆ ಬರುವುದು ಅವಳಿಗೆ ಕಂಡಿತು. ಅಗಲವಾದ ಆ ಹೆಗಲು, ತಿರುವಿನಲ್ಲಿ ಬಸ್ಸು ಹೊರಳಿಸಿದ ಹಾಗೆ, ಅಷ್ಟೂ ಒಮ್ಮೆಲೇ. ಅರ್ಧಕ್ಕೆ ಬಂದು ನಿಂತಿತು. ಎತ್ತಲು ಶೇವಂತಾಬಾಯಿ ಮುಂದೆ ಬಾಗಿದಳು. “ಬ್ಯಾಡ್ರಿ ಅಕ್ಕಾ,” ಎಂದು ರತ್ನಮಾಲಾ ತಲೆ ಎತ್ತದೆ ಹೇಳಿದಳು. ಅಂಬಾದಾಸ ಉಸಿರು ತೆಗೆದುಕೊಂಡ. ಇನ್ನೊಮ್ಮೆ ಒತ್ತಿದ. ಗಾದಿಯ ಅಂಚು ಹಿಡಿದಿದ್ದ ಎಡಗೈ ತಾನಾಗಿ ಬಿಟ್ಟು, ಮೈಯ ಹಿಂದೆಯೇ ಮೇಲಿಂದ ದಾಟಿ ಬಂದು, 'ದಪ್' ಎಂದು ಅವಳ ಎದುರಿಗೆ ಬಿತ್ತು. ಮುಖಕ್ಕೆ ಮುಖ ಬಂದಿತ್ತು. ಅವನ ಉಸಿರಿನಲ್ಲಿ ಬೆಳಗಿನ ಗುಳಿಗೆಯ ಕಹಿ ವಾಸನೆಯಿತ್ತು.

ಶೇವಂತಾಬಾಯಿ ಕೂತಲ್ಲಿಂದ ಸರಿದು ಬಂದು ತಮ್ಮನ ಬೆನ್ನಿಗೆ ದಿಂಬು ಇಟ್ಟಳು. ಒತ್ತಿ ತುರುಕಲಿಲ್ಲ, ಬರಿದೆ ತಾಗಿಸಿ ಇಟ್ಟಳು. ತೋಳಿನ ನೀಲಿ ಗುರುತಿನ ಮೇಲೆ ಅಂಗಿಯನ್ನು ಎಳೆದು ಮುಚ್ಚಿದಳು. ಸೆರಗಿನಿಂದ ಮೂಗು ಒರೆಸಿಕೊಂಡು, “ಘಾಟಬೋರಾಳದಾಗ ಇಷ್ಟೊತ್ತು ಯಾರು ಕಾಯತಾರ ಇವನ್ನ,” ಎಂದು ಗೋಡೆಗೆ ಹೇಳಿದಳು. ಹಾಗೆ ಹೇಳಿ ಅಡುಗೆಮನೆಗೆ ಹೋದಳು. ಡಬ್ಬಿಗಳನ್ನು ತೆಗೆದು ಮುಚ್ಚುವ ಸಪ್ಪಳ ಬಂತು. ಸ್ವಲ್ಪ ಹೊತ್ತಿಗೆ, “ಮುಂದಿನ ರವಿವಾರ ಮುಂಜಾನಿ ಬಸ್ಸಿಗೇ ಬರತೀನಿ. ನೀ ಹೋಗಿ ಕಲತು ಬಾ. ಬಂದು ನನಗ ತೋರಸು,” ಎಂಬ ಮಾತು ಅಲ್ಲಿಂದಲೇ ಕೇಳಿಸಿತು. “ಹೌದ್ರಿ ಅಕ್ಕಾ,” ಎಂದಳು ರತ್ನಮಾಲಾ. ಎದ್ದು ಚಹಕ್ಕೆ ಇಡಬೇಕು, ಹಿಟ್ಟು ನಾದಬೇಕು, ಅಕ್ಕನಿಗೆ ಉಣ್ಣಲಿಕ್ಕೆ ಕೊಟ್ಟು ಬಸ್ಸಿಗೆ ಕಳಿಸಬೇಕು ಎಂಬುದೆಲ್ಲ ತಲೆಯಲ್ಲಿ ಬಂತು. ಬಂದರೂ ಏಳಲು ಮೈಯಲ್ಲಿ ಯಾವ ಅವಸರವೂ ಹುಟ್ಟಲಿಲ್ಲ.

ಅವರಿಬ್ಬರ ನಡುವೆ ಬಿದ್ದಿದ್ದ ಅಂಬಾದಾಸನ ಎಡಗೈ ಅಲುಗಿತು. ಅದು ಎತ್ತ ಹೋಗುತ್ತದೆ ಎಂದು ರತ್ನಮಾಲಾ ನೋಡುತ್ತಿದ್ದಳು. ನೀರಿನ ಲೋಟಕ್ಕೇನೋ ಎಂದುಕೊಂಡಳು. ಕೈ ಅವಳ ಮುಖದ ಹತ್ತಿರ ಬಂದು, ದಾರಿ ತಿಳಿಯದೆ ಗಲ್ಲ ಸವರಿ, ಕೊನೆಗೆ ಕತ್ತು ಮತ್ತು ಹೆಗಲು ಕೂಡುವಲ್ಲಿ ಇಳಿದು ನಿಂತಿತು. ಅವಳ ಹೆಗಲು ಅಭ್ಯಾಸದಿಂದ ಆ ಕೈಗೆ ಆಸರೆಯಾಗಲು ಸ್ವಲ್ಪ ಮೇಲೆದ್ದಿತು. ಎದ್ದದ್ದು ಅವಳಿಗೆ ತಿಳಿಯಿತು. ಅವಳು ಅದನ್ನು ಇಳಿಯಬಿಟ್ಟಳು. ಕೈ ಬಿಗಿ ಬಿಟ್ಟು ಇನ್ನೂ ಭಾರವಾಯಿತು.